ಸೀರೆಯೊಳಗಿನ ಸೇತುವೆ

ಶರಣಯ್ಯನ ಕೇಬಲ್ ಚಾನೆಲ್ಲಿನ ಹೆಸರು 'ಮೂರೂರು ವಾರ್ತೆ'. ಮೂರೂರು ಅಂದರೆ ನಾರಾಯಣಪೇಟ, ಮಕ್ತಲ್, ಗದ್ವಾಲ. ಹೆಸರಿಟ್ಟ ಕಾಲಕ್ಕೆ ಅದು ಸುಳ್ಳಲ್ಲ. ಅವನ ವೈರು ಕಂಬದಿಂದ ಕಂಬಕ್ಕೆ ಹಾರಿ, ಬೇವಿನ ಮರ, ಮಠದ ಮಾಳಿಗೆ, ಸಿನಿಮಾ ಟಾಕೀಸಿನ ತಗಡು ಯಾವುದನ್ನೂ ಬಿಡದೆ ಸುತ್ತಿಕೊಂಡು ಮನೆಮನೆ ಸೇರುತ್ತಿತ್ತು. ಸಂಜೆ ವಾರ್ತೆ ಶುರುವಾಯಿತೆಂದರೆ ಮಕ್ತಲ್ ಬಸ್ ಸ್ಟ್ಯಾಂಡಿನ ಮಿರ್ಚಿಯವನು ಬಾಣಲೆಯ ಉರಿ ತಗ್ಗಿಸಿ ಎದುರಿನ ಚಹಾ ಹೋಟೆಲ್ಲಿನ ಟಿವಿಗೆ ಕಿವಿ ಕೊಡುತ್ತಿದ್ದ. ಈಗ ಗದ್ವಾಲ ಕೈಬಿಟ್ಟಿದೆ, ನಾರಾಯಣಪೇಟ ಅರ್ಧ ಉಳಿದಿದೆ, ಮಿರ್ಚಿಯವನು ಫೋನು ನೋಡುತ್ತ ಮಿರ್ಚಿ ಸೀಯಿಸುತ್ತಾನೆ. ಬೋರ್ಡು ಮಾತ್ರ ಹಳೆಯದೇ. 'ಒಂದೂವರೆ ಊರಿನ ವಾರ್ತೆ' ಅಂತ ಬರೆಸಿದರೆ ಇದ್ದ ಮರ್ಯಾದೆಯೂ ಹೋಗುತ್ತದೆ ಎನ್ನುವುದು ಶರಣಯ್ಯನ ವಾದ.

ಗದ್ವಾಲವನ್ನು ಕಿತ್ತುಕೊಂಡವನು ಮಹೇಂದರ್. ಪರದೇಶದವನೇನಲ್ಲ, ಶರಣಯ್ಯನ ಹತ್ತಿರವೇ ಕಂಬ ಹತ್ತಿ ವೈರು ಎಳೆಯುತ್ತಿದ್ದವನು. ಒಂದು ದಿನ ಕಂಬದಿಂದ ಇಳಿದವನು ಮತ್ತೆ ಹತ್ತಲಿಲ್ಲ. ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು 'ಗದ್ವಾಲ ಗರ್ಜನ' ಅಂತ ಯೂಟ್ಯೂಬಿನಲ್ಲಿ ಚಾನೆಲ್ ತೆಗೆದ. ಅವನ ವಾರ್ತೆಯಲ್ಲಿ ಅಕ್ಷರ ಅಕ್ಷರಕ್ಕೂ ಬೆಂಕಿ. ಧರೂರಿನಲ್ಲಿ ಎಮ್ಮೆ ಕಾಲುವೆಗೆ ಬಿದ್ದರೂ ಬೆಂಕಿ, ಅದೇ ಎಮ್ಮೆ ಈಜಿ ದಡಕ್ಕೆ ಬಂದರೂ ಬೆಂಕಿ. ಹಿಂದೆ ದುಂಡಗೆ ತಿರುಗುವ ಭೂಮಿ ಬೇರೆ. ಹಳೆಯ ಧಣಿ ಎದುರಾದಾಗ ಮಾತ್ರ ವಿನಯದಿಂದ, "ಅನ್ನಾ, ವೈರಿನ ಕಾಲ ಮುಗೀತು. ಈಗ ಸುದ್ದಿ ಗಾಳಿಯಾಗ ಹೊಕ್ಕೈತಿ" ಅನ್ನುತ್ತಿದ್ದ. ಅದಕ್ಕೆ ಶರಣಯ್ಯ, ಸುದ್ದಿಯಷ್ಟೇ ಅಲ್ಲ, ನಿನ್ನದೆಲ್ಲ ಗಾಳಿಯೇ ಅಂತ ಮನಸ್ಸಿನಲ್ಲೇ ಬೈದುಕೊಂಡು ಮನೆಗೆ ಬರುತ್ತಿದ್ದ.

'ಮೂರೂರು ವಾರ್ತೆ'ಯಲ್ಲಿ ಮೊದಲು ತೆಲುಗು ವಾರ್ತೆ, ಅದನ್ನು ಶರಣಯ್ಯನೇ ಓದುವುದು. ಆಮೇಲೆ ಹತ್ತು ನಿಮಿಷ ಕನ್ನಡ ವಾರ್ತೆ. ರಾಯಚೂರಿನ ಕಡೆಯಿಂದ ಬಂದು ನೆಲೆಸಿದ ಮನೆಗಳಿಗೆ, ಮಾಗನೂರಿನ ಸುತ್ತಿನ ಹಳ್ಳಿಗಳಿಗೆ ಅದೊಂದು ಕನ್ನಡದ ಕಿಟಕಿ. ಅದನ್ನು ಓದುವವಳು ಗಂಗಾಂಬಿಕಾ. ತವರು ಮಾಗನೂರಿನ ಆಚೆಯ ಹಿರೇಕುಂಟಿ, ಕೊಟ್ಟದ್ದು ಮಕ್ತಲ್ಲಿಗೆ. ಅವಳಿಗೆ ಒಂದು ಪದ್ಧತಿ ಇತ್ತು. ಯಾವ ಸುದ್ದಿ ಇರಲಿ ಬಿಡಲಿ, ಕೊನೆಯ ಸಾಲು ಒಂದೇ: "ಹಿರೇಕುಂಟಿ ಹಳ್ಳದ ಸೇತುವೆ ಇಂದೂ ದುರಸ್ತಿಯಾಗಿಲ್ಲ. ನಮಸ್ಕಾರ."

ಸೇತುವೆ ಮುರಿದದ್ದು ಎರಡು ಮಳೆಗಾಲದ ಹಿಂದೆ. ಮುರಿದಂದಿನಿಂದ ಊರಿಗೆ ಬಸ್ಸಿಲ್ಲ. ಹೆರಿಗೆಗೆಂದು ಹೊರಸಿನ ಮೇಲೆ ಹೊತ್ತು ಹಳ್ಳ ದಾಟಿಸುವಾಗ ಗಂಗಾಂಬಿಕಾಳ ಚಿಕ್ಕಮ್ಮನ ಮಗಳು ನಡುನೀರಿನಲ್ಲೇ ಕೂಸನ್ನು ಹೆತ್ತಿದ್ದಳು. ಕೂಸು ಬದುಕಿತು, ಅದಕ್ಕೆ ಗಂಗಾ ಅಂತಲೇ ಹೆಸರಿಟ್ಟರು. ಅಂದಿನಿಂದ ಗಂಗಾಂಬಿಕಾ ಆ ಸಾಲನ್ನು ಬಿಟ್ಟಿಲ್ಲ. ಅವಳ ಅತ್ತೆ ಚನ್ನವೀರಮ್ಮ ಮನೆಯಲ್ಲಿ ಟಿವಿ ಮುಂದೆ ಕೂತು, ಸೊಸೆ ಆ ಸಾಲು ಹೇಳಿದ ಕೂಡಲೇ "ಆಗಿಲ್ಲವ್ವ, ಆಗಿಲ್ಲ" ಅಂತ ಉತ್ತರ ಕೊಟ್ಟು ಅನ್ನಕ್ಕೆ ಇಡಲು ಏಳುತ್ತಿದ್ದಳು. ಆ ಸಾಲನ್ನು ಕೇಳುತ್ತಿದ್ದವರು ಬಹುಶಃ ಅಷ್ಟೇ ಮಂದಿ.

ಯಾಕೆಂದರೆ ಮಿಕ್ಕವರು ನೋಡುತ್ತಿದ್ದದ್ದು ಸೀರೆ. ಗಂಗಾಂಬಿಕಾಳಿಗೆ ದಿನಕ್ಕೊಂದು ಸೀರೆ ನಾರಾಯಣಪೇಟದ ಎಂಕಪ್ಪ ಸಾವ್ಕಾರನ ಅಂಗಡಿಯಿಂದ ಬರುತ್ತಿತ್ತು. ಓದಿ ಮುಗಿದ ಮೇಲೆ ಮಡಿಕೆ ಕೆಡದ ಹಾಗೆ ಮಡಿಚಿ, ಮರುದಿನ ಬೆಳಗಿನ ಬಸ್ಸಿಗೆ ವಾಪಸು ಕಳಿಸಬೇಕು. ಅಂಗಡಿಯಲ್ಲಿ ಅದು 'ನಿನ್ನೆ ಟಿವಿಯಾಗ ಬಂದಿದ್ದು' ಅಂತ ಬೇಗ ಮಾರಾಟವಾಗುತ್ತಿತ್ತು. ಫೋನ್ ಮಾಡಿ ಸುದ್ದಿಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಅಂಚು ಎಷ್ಟು ಬೆರಳು ಅಗಲ, ಸೆರಗಿನ ಪಟ್ಟಿ ಕೆಂಪೋ ಕುಂಕುಮವೋ, ಇದೇ ಕೇಳುತ್ತಿದ್ದರು. ಒಮ್ಮೆ ಗಂಗಾಂಬಿಕಾ ಹತ್ತಿಯ ದರ ಕುಸಿದದ್ದನ್ನು ಓದುತ್ತಿದ್ದಾಗ ಐಜದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, ಆಕೆ ಸ್ವಲ್ಪ ಎಡಕ್ಕೆ ತಿರುಗಿ ಓದಿದರೆ ಸೆರಗು ಕಾಣುತ್ತದೆ ಅಂತ ಸಲಹೆ ಕೊಟ್ಟಳು. ಶರಣಯ್ಯ ಕೈಸನ್ನೆ ಮಾಡಿದ, ಗಂಗಾಂಬಿಕಾ ತಿರುಗಲಿಲ್ಲ.

ಕೊನೆಗೆ ಆ ಸೀರೆಯ ಬಲವೂ ಸಾಲದಾಯಿತು. ಆಷಾಢ ಮುಗಿಯುವ ಹೊತ್ತಿಗೆ ಶರಣಯ್ಯ ಅವಳನ್ನು ಕೂರಿಸಿಕೊಂಡು ಹೇಳಿದ. ದಿನಾ ಯಾರಾದರೂ ಬಂದು ಕೇಬಲ್ ಡಬ್ಬಿ ವಾಪಸು ಕೊಟ್ಟು ಹೋಗುತ್ತಿದ್ದಾರೆ. ಎಂಕಪ್ಪನೂ ಮಹೇಂದರ್ ಕಡೆ ಕಣ್ಣು ಹಾಕಿದ್ದಾನೆ. ಶ್ರಾವಣದ ಕೊನೆಯ ಸೋಮವಾರದವರೆಗೆ ನೋಡೋಣ, ಜನ ಹೆಚ್ಚದಿದ್ದರೆ ಕನ್ನಡ ವಾರ್ತೆ ಬಂದ್. ಆ ಹತ್ತು ನಿಮಿಷ ಪ್ಲಾಟು ಮಾರುವವರು ಕೇಳುತ್ತಿದ್ದಾರೆ.

"ಸೇತುವಿ ಸಾಲು ಯಾರು ಓದ್ತಾರ್ರಿ ಅಣ್ಣಾರ ಆವಾಗ?" ಎಂದಳು ಗಂಗಾಂಬಿಕಾ.

"ತಂಗಿ, ಎರಡು ವರ್ಷ ಓದಿದಿ. ಸೇತುವಿಗಿ ಕಿವಿ ಇಲ್ಲ" ಎಂದ ಶರಣಯ್ಯ.

ಗಂಗಾಂಬಿಕಾ ಅಂದು ಸಂಜೆ ಆ ಸಾಲನ್ನು ಎರಡು ಸಲ ಓದಿದಳು.

ಜನ ಹೆಚ್ಚಬೇಕೆಂದರೆ ಮಹೇಂದರನ ಹಾಗೆ ಹಿಂದೆ ಏನಾದರೂ ತಿರುಗಬೇಕು ಅಂತ ಶರಣಯ್ಯ ನಿಶ್ಚಯ ಮಾಡಿದ. ಅಲ್ಲಿಯವರೆಗೆ ಅವರ ಸ್ಟುಡಿಯೋದಲ್ಲಿ, ಅಂದರೆ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ, ಗೋಡೆಗೆ ಕೃಷ್ಣಾ ನದಿಯ ಬಣ್ಣದ ಪರದೆ ಇತ್ತು. ಕ್ಯಾಮೆರಾ ಹಿಡಿಯುವವನೂ ಕಂಪ್ಯೂಟರ್ ನೋಡುವವನೂ ಆದ ಮಲ್ಲೇಶ ವಿವರಿಸಿದ: ಓದುವವರ ಹಿಂದೆ ಬರೀ ಹಸಿರು ಬಟ್ಟೆ ಕಟ್ಟಬೇಕು. ಕಂಪ್ಯೂಟರಿಗೆ ಆ ಹಸಿರನ್ನು ಗುರುತು ಮಾಡಿಕೊಟ್ಟರೆ ಅದು ಹಸಿರು ಇದ್ದಲ್ಲೆಲ್ಲ ನಾವು ಕೊಟ್ಟ ಚಿತ್ರವನ್ನು ತುಂಬುತ್ತದೆ. ಬಟ್ಟೆ ಹೈದರಾಬಾದಿನಿಂದ ತರಿಸೋಣ ಎಂದ. ನೇಕಾರರ ನಾಡಿನಲ್ಲಿ ಕೂತು ಬಟ್ಟೆಗೆ ಹೈದರಾಬಾದಿಗೆ ಹೋಗುವುದೆಂದರೆ ನಾಚಿಕೆಗೇಡು ಅಂತ ಶರಣಯ್ಯ ಎಂಕಪ್ಪನಿಗೆ ಹೇಳಿದ. ಎಂಕಪ್ಪ ತನ್ನ ಮಗ್ಗದ ಬುಚ್ಚಮ್ಮನಿಗೆ ಹೇಳಿದ. ಬುಚ್ಚಮ್ಮ ಶ್ರಾವಣದ ಸೀರೆಗಳಿಗೆಂದು ನೂಲು ಅದ್ದುತ್ತಿದ್ದ ಗಿಳಿಹಸಿರಿನ ಹಂಡೆಯಲ್ಲೇ ಇನ್ನಷ್ಟು ನೂಲು ಅದ್ದಿ, ಗೋಡೆಯಗಲದ ಬಟ್ಟೆ ನೇಯ್ದು ಕಳಿಸಿದಳು. ಒಂದು ಎಳೆ ಹೆಚ್ಚು ಕಡಿಮೆ ಇಲ್ಲ. ಮಲ್ಲೇಶ ಕಂಪ್ಯೂಟರಿಗೆ ಆ ಹಸಿರನ್ನೇ ಗುರುತು ಮಾಡಿಕೊಟ್ಟ, ಯಾರೂ ಹಸಿರು ಉಡಬಾರದು ಅಂತ ಎಲ್ಲರಿಗೂ ಹೇಳಿದ.

ಎಲ್ಲರಿಗೂ ಅಂದರೆ ಎಲ್ಲ ಗಂಡಸರಿಗೂ, ಓದುವ ಗಂಗಾಂಬಿಕಾಳಿಗೂ. ಎಂಕಪ್ಪನ ಹೆಂಡತಿ ಸುಗುಣಮ್ಮನಿಗೆ ಯಾರೂ ಹೇಳಿರಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಸುಗುಣಮ್ಮ ಮಕ್ತಲ್ಲಿಗೆ ದರ್ಶನಕ್ಕೆಂದು ಬಂದವಳು, ಇಷ್ಟು ದಿನ ತಮ್ಮ ಸೀರೆ ಉಟ್ಟು ಹೆಸರು ತಂದ ಹೆಣ್ಣುಮಗಳು ಅಂತ ಗಂಗಾಂಬಿಕಾಳ ಮನೆಗೆ ಹೋಗಿ ಉಡಿ ತುಂಬಿದಳು. ತೆಂಗಿನಕಾಯಿ, ಉತ್ತುತ್ತಿ, ಅರಿಸಿನಕೊಂಬು, ಕೆಂಪು ಖಣ, ಮೇಲೆ ಒಂದು ಗಿಳಿಹಸಿರಿನ ಸೀರೆ. ಚೌಕಳಿ ಇಲ್ಲದ ಬರೀ ಹಸಿರು, ಗುಡಿಯ ಗೋಪುರ ಸಾಲಿಟ್ಟ ಕೆಂಪು ಅಂಚು. ಮುತ್ತೈದೆಯ ಉಡಿಗೆ ಬಿದ್ದ ಶ್ರಾವಣದ ಹಸಿರನ್ನು ಅಂದೇ ಉಡಬೇಕು, ಒಲ್ಲೆ ಅನ್ನುವ ಹಾಗಿಲ್ಲ. ಕ್ಯಾಮೆರಾದ ಕಟ್ಟಳೆಯನ್ನು ಗಂಗಾಂಬಿಕಾ ಬಾಯಿ ಬಿಟ್ಟು ಹೇಳುವ ಮೊದಲೇ ಚನ್ನವೀರಮ್ಮ, ಕ್ಯಾಮೆರಾ ನಿನ್ನೆ ಮೊನ್ನೆ ಬಂದದ್ದು, ಶ್ರಾವಣ ಶಿವನ ಕಾಲದಿಂದ ಇದೆ ಅಂದುಬಿಟ್ಟಳು.

ಮಲ್ಲೇಶ ಇದ್ದಿದ್ದರೆ ತಡೆಯುತ್ತಿದ್ದ. ಆದರೆ ಜುರಾಲಾ ಅಣೆಕಟ್ಟೆಯ ಗೇಟು ತೆರೆದಿದ್ದರು, ಅವನು ಅದರ ಚಿತ್ರ ಕಳಿಸಲು ಧರೂರಿನ ಕಡೆ ಹೋಗಿದ್ದ. ಕಂಪ್ಯೂಟರಿನ ಮುಂದೆ ಶರಣಯ್ಯ ಒಬ್ಬನೇ. ಹಸಿರುಟ್ಟು ಬಂದ ಗಂಗಾಂಬಿಕಾ ಅನುಮಾನ ಎತ್ತಿದಾಗ ಅವನು ಕ್ಷಣ ಯೋಚಿಸಿ ತೀರ್ಮಾನ ಕೊಟ್ಟ.

"ಬಟ್ಟಿ ಹಿಂದೈತಿ, ನೀ ಮುಂದದಿ. ಮುಂದ ಯಾವುದು ಹಿಂದ ಯಾವುದು ಅನ್ನೋದು ನಮ್ಮನಿ ಎಮ್ಮಿಗಿ ತಿಳಿತೈತಿ. ಇಷ್ಟು ದೊಡ್ಡ ಮಿಷನ್ನಿಗಿ ತಿಳಿಯಂಗಿಲ್ಲೇನು?"

ಮಿಷನ್ನಿಗೆ ತಿಳಿಯಲಿಲ್ಲ. ವಾರ್ತೆ ಶುರುವಾದಾಗ ಮಕ್ತಲ್ಲಿನ ಮಂದಿ ಕಂಡದ್ದು ಇದು: ಜುರಾಲಾದ ನೀರು ಧೋ ಅಂತ ಧುಮುಕುತ್ತಿದೆ. ನೀರಿನ ಮೇಲೆ ಗಂಗಾಂಬಿಕಾಳ ತಲೆ. ಕೆಳಗೆ ಕುಪ್ಪಸದ ಎರಡು ತೋಳು, ಕಾಗದ ಹಿಡಿದ ಎರಡು ಕೈ. ನಡುವೆ ಮೈ ಇರಬೇಕಾದಲ್ಲಿ ನದಿ. ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಒಂದು ಕೆಂಪು ಅಂಚು ಮಾತ್ರ ಗಾಳಿಯಲ್ಲಿ ನಿಂತಿದೆ. ತಲೆ ಗಂಭೀರವಾಗಿ ಒಳಹರಿವಿನ ಲೆಕ್ಕ ಓದುತ್ತಿದೆ. ಗಾಬರಿಬಿದ್ದ ಶರಣಯ್ಯ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದ. ಪ್ರತಿ ಸಲವೂ ಅವಳ ಹೊಟ್ಟೆಯೊಳಗೆ ಚಿತ್ರ ಬದಲಾಯಿತು, ಹೊಟ್ಟೆ ಮಾತ್ರ ಬರಲಿಲ್ಲ. ಕೊನೆಯ ಸಾಲಿನ ಹೊತ್ತಿಗೆ ಅವನ ಬೆರಳಿಗೆ ಸಿಕ್ಕಿದ್ದು ಸೇತುವೆಯ ಚಿತ್ರ. ದಿನಾ ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಾಣುತ್ತಿದ್ದ ಹಿರೇಕುಂಟಿಯ ಮುರಿದ ಸೇತುವೆ ಅಂದು ಮೊದಲ ಬಾರಿಗೆ ಪೂರ್ತಿ ಕಂಡಿತು, ಅವಳ ಎದೆಯ ನಡುವೆ ಬಾಯಿ ತೆರೆದು. ಕೆಂಪು ಅಂಚು ಅದಕ್ಕೆ ಕಟಕಟೆ ಕಟ್ಟಿದ ಹಾಗಿತ್ತು.

"ಹಿರೇಕುಂಟಿ ಹಳ್ಳದ ಸೇತುವೆ ಇಂದೂ ದುರಸ್ತಿಯಾಗಿಲ್ಲ. ನಮಸ್ಕಾರ" ಎಂದಿತು ತಲೆ.

ಮನೆಯಲ್ಲಿ ಚನ್ನವೀರಮ್ಮ ಉತ್ತರ ಕೊಡುವುದನ್ನು ಮರೆತು ಕೈ ಮುಗಿದಳಂತೆ.

ಆ ತುಣುಕನ್ನು ಫೋನಿನಲ್ಲಿ ಹಿಡಿದವರು ಯಾರೋ. ಬೆಳಗಾಗುವುದರೊಳಗೆ ಅದು ರಾಯಚೂರು, ಕರ್ನೂಲು ಸುತ್ತಿ ಬಂತು. ಮಹೇಂದರ್ ಅದನ್ನು ತನ್ನ ಚಾನೆಲ್ಲಿನಲ್ಲಿ 'ಮಕ್ತಲ್ಲಿನಲ್ಲಿ ತೇಲುವ ತಲೆ' ಅಂತ ಬೆಂಕಿ ಹಚ್ಚಿ ಹತ್ತು ಸಲ ತೋರಿಸಿದ. ಗೇಲಿ ಮಾಡುವ ಭರದಲ್ಲಿ ಕತ್ತರಿಸುವುದು ಮರೆತ. ಹೀಗಾಗಿ ಗದ್ವಾಲದ ಮಂದಿ ಆ ಕೊನೆಯ ಸಾಲನ್ನೂ ಹತ್ತು ಸಲ ಕೇಳಿದರು.

ಎಂಕಪ್ಪ ಮೊದಲ ಬಸ್ಸಿಗೇ ಬಂದ, ಸಿಟ್ಟಿನಲ್ಲಿ. ಸೀರೆ ಕಾಣದ ವಾರ್ತೆಗೆ ತಾನು ಸೀರೆ ಯಾಕೆ ಕೊಡಬೇಕು ಅನ್ನುವುದು ಅವನ ಪ್ರಶ್ನೆ. ಅವನು ಕೂಗುತ್ತಿರುವಾಗಲೇ ಅವನ ಫೋನು ರಿಂಗಾಗತೊಡಗಿತು. ಅತ್ತ ಕಡೆಯವರಿಗೆ 'ಆ ತೇಲೋ ಅಂಚಿನ ಸೀರೆ' ಬೇಕಿತ್ತು. ಇಷ್ಟು ವರ್ಷ ಒಡಲಿನ ಬಣ್ಣದ ಗದ್ದಲದಲ್ಲಿ ಯಾರೂ ಸರಿಯಾಗಿ ನೋಡದ ಅಂಚು, ಒಡಲೇ ಮಾಯವಾದ ಮೇಲೆ ಎಲ್ಲರ ಕಣ್ಣಿಗೆ ಬಿದ್ದಿತ್ತು. ಮೂರನೆಯ ಫೋನಿಗೆ ಎಂಕಪ್ಪನ ದನಿ ಇಳಿಯಿತು. ಐದನೆಯದಕ್ಕೆ ಅವನು ಕುರ್ಚಿ ಎಳೆದುಕೊಂಡು ಚಹಾ ಹೇಳಿದ.

ಚಹಾ ಮುಗಿಯುವಷ್ಟರಲ್ಲಿ ಇಬ್ಬರು ಗಂಡಸರೂ ಒಪ್ಪಂದಕ್ಕೆ ಬಂದಿದ್ದರು. ಕನ್ನಡ ವಾರ್ತೆ ನಿಲ್ಲುವುದಿಲ್ಲ. ಆದರೆ ಗಂಗಾಂಬಿಕಾ ದಿನಾ ಹಸಿರೇ ಉಡಬೇಕು, ದಿನಾ ಮಾಯವಾಗಬೇಕು.

ಮೈಯಿಲ್ಲದೆ ದುಡಿಯುವ ನೌಕರಿಯನ್ನು ಗಂಗಾಂಬಿಕಾ ಸುಮ್ಮನೆ ಒಪ್ಪಲಿಲ್ಲ. ತನ್ನದೂ ಒಂದು ಮಾತಿದೆ ಎಂದಳು. "ಅಂಚು ನಿಮ್ಮದಿರಲಿ ಸಾವ್ಕಾರ್ರ. ಅಂಚಿನ ಒಳಗಿನ ಜಾಗ ನಂದು. ಮೊದಲಿಂದ ಕೊನಿತನಕ ಅಲ್ಲಿ ಸೇತುವಿ ಒಂದೇ ಇರಬೇಕು."

ಎಂಕಪ್ಪನಿಗೆ ಅದು ಲಾಭವಾಗಿಯೇ ಕಂಡಿತು. ಸೇತುವೆಯ ಬೂದು ಬಣ್ಣದ ಮೇಲೆ ಕೆಂಪು ಚೆನ್ನಾಗಿ ಏಳುತ್ತದೆ ಅಂದ.

ಅಂದಿನಿಂದ ನಮ್ಮ ಕಡೆ ನಡೆದದ್ದನ್ನು ಹೇಳಿದರೆ ಹೊರಗಿನವರು ನಂಬಲಿಕ್ಕಿಲ್ಲ. ಅಂಗಡಿಗೆ ಬಂದವರು 'ಸೇತುವಿ ಸೀರಿ ತಗೀರಿ' ಅನ್ನತೊಡಗಿದರು. ವಾಪಸು ಬಂದ ಡಬ್ಬಿಗಳು ಮತ್ತೆ ಮನೆ ಸೇರಿದವು. ಅಂಚು ನೋಡಲು ಕೂತವರ ಕಣ್ಣಿಗೆ ಸೇತುವೆಯ ಒಂದೊಂದು ಬಿರುಕೂ ಬಾಯಿಪಾಠವಾಯಿತು. ಎಡಗಡೆಯ ಕಂಬಿ ಮತ್ತಷ್ಟು ಬಾಗಿದೆಯಲ್ಲ ಅಂತ ನಾರಾಯಣಪೇಟದ ಮದುವೆಮನೆಗಳಲ್ಲಿ ಮಾತಾಡಿಕೊಂಡರು. ಮಹೇಂದರ್ ಸುಮ್ಮನಿರುತ್ತಾನೆಯೇ. ತನ್ನ ಚಾನೆಲ್ಲಿನಲ್ಲಿ ವಾರ್ತೆ ಓದುವ ಸ್ರವಂತಿಗೆ ರೇಷ್ಮೆ ಅಂಚಿನ ಹಸಿರು ಗದ್ವಾಲ ಸೀರೆ ಉಡಿಸಿ ಅವಳನ್ನೂ ಮಾಯ ಮಾಡಿದ. ಆದರೆ ಒಳಗೆ ತುಂಬಲು ಅವನ ಹತ್ತಿರ ಮುರಿದದ್ದು ಏನೂ ಇರಲಿಲ್ಲ. ಬೆಂಕಿ ತುಂಬಿ ನೋಡಿದ, ಹುಡುಗಿ ಸುಟ್ಟುಹೋಗುತ್ತಿದ್ದಾಳೆ ಅಂತ ಅವಳ ತಾಯಿಯೇ ಫೋನ್ ಮಾಡಿದಳು. ಪಾಪ, ಕೊನೆಗೆ ಮೋಟಾರ್ ಸೈಕಲ್ ಹತ್ತಿ ಐಜದ ದಾರಿಯ ತಗ್ಗುಗಳನ್ನೂ, ನೀರು ಬಾರದ ನಲ್ಲಿಗಳನ್ನೂ ಹುಡುಕಿಕೊಂಡು ಹೊರಟ. ಎಷ್ಟೋ ವರ್ಷಗಳಿಂದ ಯಾರೂ ಮಾಡದಿದ್ದ ವರದಿಗಾರನ ಕೆಲಸ ಹೀಗೆ ಸೀರೆಯ ದೆಸೆಯಿಂದ ಮತ್ತೆ ಶುರುವಾಯಿತು.

ದೀಪಾವಳಿಯ ಹೊತ್ತಿಗೆ ಸೇತುವೆಯ ಗುತ್ತಿಗೆದಾರ ಬಾಲರಾಜನಿಗೆ ಮನೆಯಲ್ಲೇ ಇರಲಾಗಲಿಲ್ಲ. ಅವನ ಹೆಂಡತಿಯೂ ಸೇತುವೆ ಸೀರೆ ಕೊಂಡಿದ್ದಳು. ಬೀಗರ ಮನೆಯ ಊಟದಲ್ಲಿ ಒಬ್ಬರು ಆ ಅಂಚನ್ನು ಮುಟ್ಟಿ ನೋಡಿ, ಇದರ ಒಳಗಿನದು ನಿಮ್ಮ ಯಜಮಾನರದೇ ಅಲ್ಲವೇ ಅಂತ ಕೇಳಿದರಂತೆ. ಮರುವಾರವೇ ಹಿರೇಕುಂಟಿಯ ಹಳ್ಳಕ್ಕೆ ಸಿಮೆಂಟು, ಕಂಬಿ, ಮೇಸ್ತ್ರಿ ಎಲ್ಲ ಇಳಿದವು. ಕೆಲಸ ಬೇಗ ಮುಗಿಯಿತು. ಬಾಲರಾಜ ಸ್ಟುಡಿಯೋಕ್ಕೆ ಬಂದು, ದುರಸ್ತಿಯಾಯಿತು ಅಂತ ಅಂದೇ ಹೇಳಿಸಬೇಕೆಂದೂ, ಹೇಳಿದರೆ ವರ್ಷವಿಡೀ ತನ್ನ ಜಾಹೀರಾತು ಕೊಡುವುದಾಗಿಯೂ ಶರಣಯ್ಯನಿಗೆ ಹೇಳಿದ. ಹೊಸ ಚಿತ್ರವನ್ನೂ ತಾನೇ ತೆಗೆಸಿ ತಂದಿದ್ದ. ಸೇತುವೆ ಮದುಮಗನ ಹಾಗೆ ಹೊಳೆಯುತ್ತಿತ್ತು, ಸುಣ್ಣ ಬಳಿದು, ಕಟಕಟೆಗೆ ಕೆಂಪು ಬಣ್ಣ ಹೊಡೆದು.

ಶರಣಯ್ಯನ ಕಣ್ಣು ತುಂಬಿ ಬಂತು. ಗಂಗಾಂಬಿಕಾ ಮಾತ್ರ, ತಾನು ನೋಡಿ ಬಂದು ಓದುತ್ತೇನೆ ಎಂದಳು. ಅವಳ ಸಂಶಯಕ್ಕೆ ಒಂದೇ ಕಾರಣ: ಸೇತುವೆ ಆಗಿದ್ದರೆ ಹಿರೇಕುಂಟಿಯಿಂದ ಅವಳಿಗೆ ಇಷ್ಟರಲ್ಲಿ ಹತ್ತು ಫೋನು ಬರಬೇಕಿತ್ತು, ಒಂದೂ ಬಂದಿರಲಿಲ್ಲ.

ಮಲ್ಲೇಶನ ಗಾಡಿಯ ಹಿಂದೆ ಕೂತು ಹೋದಳು. ಮಕ್ತಲ್ ಕಡೆಯ ದಡದಿಂದ ನೋಡಿದರೆ ಚಿತ್ರದಲ್ಲಿದ್ದಂತೆಯೇ ಸೇತುವೆ. ಮೇಲೆ ಹತ್ತದಂತೆ ಮುಳ್ಳುಕಂಟಿ ಅಡ್ಡ ಹಾಕಿದ್ದರಿಂದ ಇಬ್ಬರೂ ನೀರಿಗಿಳಿದು ಹಳ್ಳ ದಾಟಿ ಆ ದಡಕ್ಕೆ ಹೋಗಿ ತಿರುಗಿ ನೋಡಿದರು. ಅಲ್ಲಿ ಎರಡು ವರ್ಷದ ಹಿಂದಿನ ಅದೇ ಬಾಯಿ, ಅದೇ ಬಾಗಿದ ಕಂಬಿ. ಟಿವಿಯಲ್ಲಿ ದಿನಾ ಕಾಣುತ್ತಿದ್ದ ಮಗ್ಗುಲಿಗೆ ಮಾತ್ರ ಗೋಡೆ ಎದ್ದಿತ್ತು, ಮದುವೆ ಮಂಟಪಕ್ಕೆ ಮುಂದಿನಿಂದ ಹೂ ಕಟ್ಟಿದ ಹಾಗೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, "ಯವ್ವಾ, ಅದು ನಿಮಗ ಕಟ್ಯಾರ. ನಮ್ಮದು ಇತ್ತಲಾಗೈತಿ" ಎಂದಳು.

ಮಲ್ಲೇಶ ಕ್ಯಾಮೆರಾ ತೆಗೆದ.

ಸಂಜೆ ಶರಣಯ್ಯ ಅವಳಿಗೆ ಬುದ್ಧಿ ಹೇಳಿದ. ಅರ್ಧವಾದರೂ ಆಯಿತಲ್ಲ, ಅರ್ಧದ ಸುದ್ದಿಯೂ ಸುದ್ದಿಯೇ, ಬಾಲರಾಜನನ್ನು ಎದುರು ಹಾಕಿಕೊಂಡರೆ ಈ ಹತ್ತು ನಿಮಿಷ ಉಳಿಸಲು ತನ್ನಿಂದ ಆಗುವುದಿಲ್ಲ. ಬಾಲರಾಜನ ಅಂಜಿಕೆಗೆ ಎಂಕಪ್ಪ ಅಂದು ಹಸಿರು ಬಿಟ್ಟು ಬೇರೆ ಬಣ್ಣದ ಸೀರೆ ಕಳಿಸಿದ್ದ, ಸೇತುವೆಯ ವಿಷಯ ಮುಗಿಯಿತೆಂದು. ನೀಲಿ ಸೀರೆ, ಒಳ್ಳೆಯದೇ. ಗಂಗಾಂಬಿಕಾ ಅದನ್ನು ಮಡಿಕೆ ಬಿಚ್ಚದೆ ಬದಿಗಿಟ್ಟು, ತನ್ನ ಚೀಲದಿಂದ ಸುಗುಣಮ್ಮ ಉಡಿಗೆ ಹಾಕಿದ ಗಿಳಿಹಸಿರನ್ನು ತೆಗೆದಳು. ಅಷ್ಟು ಸೀರೆಗಳಲ್ಲಿ ವಾಪಸು ಕೊಡಬೇಕಿಲ್ಲದ್ದು ಅದೊಂದೇ.

"ಇವತ್ತು ನಾ ಕಾಣಾದು ಬ್ಯಾಡ್ರಿ ಅಣ್ಣಾರ" ಎಂದಳು.

ಎಂದಿನಂತೆ ಮಾಯವಾದಳು. ಹತ್ತಿಯ ದರ ಓದಿದಳು, ಕಾಲುವೆಯ ನೀರಿನ ಸರದಿ ಓದಿದಳು. ಅಷ್ಟೂ ಹೊತ್ತು ಕೆಂಪು ಅಂಚಿನ ಒಳಗೆ ಸುಣ್ಣ ಬಳಿದ ಸೇತುವೆ ಹೊಳೆಯಿತು. ಚಹಾ ಹೋಟೆಲ್ಲಿನಲ್ಲಿ ಮಂದಿ ಪರವಾಗಿಲ್ಲ, ಆಯ್ತಲ್ಲ ಅಂದರು. ಕೊನೆಯ ಸಾಲು ಬಂದಾಗ ಮಲ್ಲೇಶ ಗುಂಡಿ ಒತ್ತಿದ. ಸೇತುವೆ ಅವಳ ಎದೆಯೊಳಗೇ ಮಗ್ಗುಲು ಬದಲಿಸಿತು.

"ಹಿರೇಕುಂಟಿ ಹಳ್ಳದ ಸೇತುವೆ ಟಿವಿಯಲ್ಲಿ ಕಾಣುವ ಕಡೆಯಿಂದ ದುರಸ್ತಿಯಾಗಿದೆ. ಹಿರೇಕುಂಟಿಯವರಿಗೆ ಕಾಣುವ ಕಡೆಯಿಂದ ಇಂದೂ ದುರಸ್ತಿಯಾಗಿಲ್ಲ. ನಮಸ್ಕಾರ."

ಬಾಲರಾಜನ ಜಾಹೀರಾತು ಬರಲಿಲ್ಲ. ಶರಣಯ್ಯ ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಆದರೆ ಎರಡೂ ಮಗ್ಗುಲು ತೋರಿಸಿದ ಆ ತುಣುಕನ್ನು ಜನ ಮೊದಲಿನದಕ್ಕಿಂತ ಹೆಚ್ಚು ಹಂಚಿದರು. ಎಂಕಪ್ಪನಿಗೆ ಎರಡು ಕಡೆಯೂ ಉಡಬಹುದಾದ ಅಂಚು ಇದೆಯೇ ಅಂತ ಫೋನು ಬಂತು. ಕನ್ನಡ ವಾರ್ತೆ ಬಂದ್ ಮಾಡುವ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಮೂರನೆಯ ದಿನ ಬಾಲರಾಜನ ಮೇಸ್ತ್ರಿ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದ. ಜಗಳಕ್ಕಲ್ಲ. ಚಪ್ಪಲಿ ಹೊರಗೆ ಬಿಟ್ಟು, ಟವಲ್ಲಿನಿಂದ ಮುಖ ಒರೆಸಿಕೊಂಡು, ಮಲ್ಲೇಶನನ್ನು ತಗ್ಗಿದ ದನಿಯಲ್ಲಿ ಕೇಳಿದ.

"ಅಣ್ಣಾ, ಇನ್ನ ಯಾವ ಯಾವ ಕಡಿಯಿಂದ ಫೋಟೋ ತಗೀತೀರಿ, ಒಂದ ಸಲ ಹೇಳಿಬಿಡ್ರಿ. ಮಾಲು ಕಲಸಿ ಇಟ್ಟೀವಿ."

ಮಲ್ಲೇಶ ಒಳಕೋಣೆಯ ಕಡೆ ತಿರುಗಿದ. ಗಂಗಾಂಬಿಕಾ ಒಳಗೆ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದವಳು ಅಲ್ಲಿಂದಲೇ ಹೇಳಿದಳು:

"ಬುಡದಿಂದನೂ ತಗೀತೀವಂತ ಹೇಳು. ಆಮ್ಯಾಲ ಬಸ್ಸಿನೊಳಗ ಕುಂತು ತಗೀತೀವಿ."